ಅಭ್ಯರ್ಥಿ ಚರ್ಚಿನಲ್ಲಿ ಮಾತಾಡುತ್ತೇನೆ ಎಂದರೆ: ಕ್ರೈಸ್ತರು, ಮತ ಮತ್ತು ರಾಜಕೀಯ

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದ ಸಣ್ಣ ಕ್ರೈಸ್ತ ಸಭೆ. ನಾನು ಸಭಾ ಕಮಿಟಿಯ ಕಾರ್ಯದರ್ಶಿ. ಚುನಾವಣೆ ಬಂದಾಗಲೆಲ್ಲ ನಮ್ಮೊಳಗೆ ಜಗಳ. ಹಿರಿಯರಲ್ಲಿ ಕೆಲವರು ‘ನಾವು ಪರಲೋಕದವರು, ಈ ಲೋಕದ ರಾಜಕೀಯ ನಮಗೇಕೆ’ ಎನ್ನುತ್ತಾರೆ. ಯುವಕರು ‘ಯಾರಿಗೆ ಹಾಕಬೇಕೆಂದು ಅಯ್ಯನವರೇ (ಸಭಾಪಾಲಕರೇ) ಹೇಳಿಬಿಡಲಿ, ಎಲ್ಲರೂ ಒಂದೇ ಕಡೆ ಹಾಕಿದರೆ ನಮಗೂ ಬೆಲೆ ಬರುತ್ತದೆ’ ಎನ್ನುತ್ತಾರೆ. ಈ ಸಲ ವಿಧಾನಸಭೆಗೆ ನಿಂತ ಒಬ್ಬರು ಭಾನುವಾರದ ಆರಾಧನೆ ಮುಗಿದ ಮೇಲೆ ಹತ್ತು ನಿಮಿಷ ಮಾತಾಡಲು ಅವಕಾಶ ಕೇಳಿದ್ದಾರೆ. ಸ್ಮಶಾನದ ಕಾಂಪೌಂಡ್ ಗೋಡೆಗೆ ದುಡ್ಡು ಕೊಡುತ್ತೇನೆಂದೂ ಹೇಳಿ ಕಳಿಸಿದ್ದಾರೆ. ಇನ್ನೊಬ್ಬ ಅಭ್ಯರ್ಥಿ ಕ್ರೈಸ್ತರೇ. ‘ನಮ್ಮವರು’ ಎಂದು ಅವರಿಗೆ ಹಾಕಲೇಬೇಕೇ? ನಾವು ಏನು ಮಾಡುವುದು ಸರಿ?

ಉತ್ತರ: ಅಭ್ಯರ್ಥಿ ನಿಮ್ಮ ಮಾತಿಗೆ ಕಾಯುತ್ತಿದ್ದಾರೆ, ಹಾಗಾಗಿ ಅದನ್ನೇ ಮೊದಲು ಮುಗಿಸೋಣ. ಮಾತಾಡುವ ಅವಕಾಶಕ್ಕೂ ಇಲ್ಲ ಎನ್ನಿ, ಗೋಡೆಯ ದುಡ್ಡಿಗೂ ಇಲ್ಲ ಎನ್ನಿ. ವಿನಯದಿಂದ ಹೇಳಿ, ಆದರೆ ‘ನೋಡೋಣ’ ಎಂದು ಎಳೆಯಬೇಡಿ. ‘ನೋಡೋಣ’ ಎಂಬ ಮಾತನ್ನು ಚುನಾವಣೆಯ ಕಾಲದಲ್ಲಿ ಎಲ್ಲರೂ ಒಪ್ಪಿಗೆ ಎಂದೇ ತಿಳಿಯುತ್ತಾರೆ.

ಕಾರಣ ಕಾನೂನಿನಲ್ಲಿ ನೇರವಾಗಿಯೇ ಇದೆ. ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ಎಂಬುದೊಂದು 1988ರಲ್ಲಿ ಬಂದಿದೆ. ನಮ್ಮ ಸಭೆಗಳಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ. ಅದರ 3ನೇ ಕಲಮಿನ ಪ್ರಕಾರ ಧಾರ್ಮಿಕ ಸಂಸ್ಥೆಯ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ. 5ನೇ ಕಲಮಿನ ಪ್ರಕಾರ ಸಂಸ್ಥೆಯ ಹಣವಾಗಲಿ ಆಸ್ತಿಯಾಗಲಿ ಯಾವ ಪಕ್ಷದ ಉಪಯೋಗಕ್ಕೂ ಹೋಗುವಂತಿಲ್ಲ. 6ನೇ ಕಲಮಿನ ಪ್ರಕಾರ ಸಂಸ್ಥೆ ನಡೆಸುವ ಹಬ್ಬ, ಕೂಟ, ಮೆರವಣಿಗೆಗಳನ್ನೂ ಅದಕ್ಕೆ ಬಳಸುವಂತಿಲ್ಲ. ಸಂಸತ್ತು, ವಿಧಾನಮಂಡಲ, ಸ್ಥಳೀಯ ಸಂಸ್ಥೆ, ಮೂರಕ್ಕೂ ನಿಂತ ಅಭ್ಯರ್ಥಿಗಳ ಪ್ರಚಾರ ‘ರಾಜಕೀಯ ಚಟುವಟಿಕೆ’ಯಲ್ಲಿ ಸೇರುತ್ತದೆ. ಶಿಕ್ಷೆ 5 ವರ್ಷದವರೆಗೆ ಸೆರೆವಾಸ, ₹10,000ದವರೆಗೆ ದಂಡ. ಶಿಕ್ಷೆಗೆ ಗುರಿಯಾಗುವವರು ಅಭ್ಯರ್ಥಿಯಷ್ಟೇ ಅಲ್ಲ. ಕಾಯ್ದೆ ‘ವ್ಯವಸ್ಥಾಪಕ’ ಎಂದು ಕರೆಯುವವರಲ್ಲಿ ಸಭಾಪಾಲಕರೂ ಬರುತ್ತಾರೆ, ಆಡಳಿತ ಕಮಿಟಿಯ ಸದಸ್ಯರೂ ಬರುತ್ತಾರೆ. ಅಂದರೆ ಕಾರ್ಯದರ್ಶಿಯಾದ ನೀವೂ.

ಇದಲ್ಲದೆ ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆ ದೇವಾಲಯ, ಮಸೀದಿ, ಚರ್ಚು ಸೇರಿದಂತೆ ಯಾವ ಆರಾಧನಾ ಸ್ಥಳವನ್ನೂ ಪ್ರಚಾರದ ವೇದಿಕೆ ಮಾಡಬಾರದು ಎನ್ನುತ್ತದೆ. ಜನಪ್ರಾತಿನಿಧ್ಯ ಕಾಯ್ದೆ 1951ರ 123ನೇ ಕಲಮು ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟ ಆಚರಣೆ ಎಂದು ಕರೆಯುತ್ತದೆ. ಅಭಿರಾಂ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು, 4–3ರ ಬಹುಮತದಿಂದ, ಇದರ ವ್ಯಾಪ್ತಿ ಅಭ್ಯರ್ಥಿಯ ಧರ್ಮಕ್ಕೆ ಮಾತ್ರವಲ್ಲ ಮತದಾರರ ಧರ್ಮಕ್ಕೂ ಇದೆ ಎಂದು ತೀರ್ಪು ಕೊಟ್ಟಿತು. ಹಾಗಾಗಿ ಅಭ್ಯರ್ಥಿ ಬೇರೆ ಧರ್ಮದವರಾಗಿದ್ದರೂ ‘ಕ್ರೈಸ್ತರಾದ ನೀವೆಲ್ಲ ನನಗೆ ಹಾಕಿ’ ಎನ್ನುವಂತಿಲ್ಲ. ಅವರ ಒಪ್ಪಿಗೆಯಿಂದ ಅಯ್ಯನವರು ಹಾಗೆ ಹೇಳಿದರೂ ಅದೇ ದೋಷ. ಗೆದ್ದ ಮೇಲೆ ಯಾರಾದರೂ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಿ ಇದನ್ನು ಸಾಬೀತು ಮಾಡಿದರೆ ಗೆಲುವು ಅಸಿಂಧುವಾಗುತ್ತದೆ. ಭ್ರಷ್ಟ ಆಚರಣೆ ನಡೆಸಿದವರ ಹೆಸರನ್ನು, ಅವರು ಅಭ್ಯರ್ಥಿ ಅಲ್ಲದಿದ್ದರೂ, ನ್ಯಾಯಾಲಯ ದಾಖಲಿಸಬಹುದು.

ಅದೇ 123ನೇ ಕಲಮಿನಲ್ಲಿ ಸಭಾಪಾಲಕರು ತಿಳಿದಿರಲೇಬೇಕಾದ ಇನ್ನೊಂದು ಮಾತಿದೆ. ಇಂಥವರಿಗೆ ಮತ ಹಾಕಿದರೆ, ಅಥವಾ ಹಾಕದಿದ್ದರೆ, ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ನಂಬಿಸುವುದು, ಸಭೆಯ ಶಿಸ್ತುಕ್ರಮದ ಹೆದರಿಕೆ ಹಾಕುವುದು ‘ಅನುಚಿತ ಪ್ರಭಾವ’ ಎನಿಸುತ್ತದೆ. ಪ್ರಾರ್ಥನೆಯ ಆವೇಶದಲ್ಲಿ ‘ಈ ಪಕ್ಷಕ್ಕೆ ಹಾಕುವವರ ಮನೆಗೆ ಆಶೀರ್ವಾದ ಬರುವುದಿಲ್ಲ’ ಎಂದು ಬಾಯಿ ಜಾರುವುದು ಇಲ್ಲಿಗೇ ಬಂದು ನಿಲ್ಲುತ್ತದೆ. ಇವತ್ತು ಪ್ರತಿಯೊಂದು ಆರಾಧನೆಯೂ ಯಾರದೋ ಮೊಬೈಲಿನಲ್ಲಿ ರೆಕಾರ್ಡ್ ಆಗುತ್ತಿರುತ್ತದೆ.

ಗೋಡೆಯ ದುಡ್ಡಿನ ವಿಷಯ

ಬಹಳ ಸಭೆಗಳು ಎಡವುವುದು ಇಲ್ಲಿಯೇ. ಹಣ ಒಬ್ಬರ ಜೇಬಿಗೆ ಹೋಗುತ್ತಿಲ್ಲ, ದೇವರ ಕೆಲಸಕ್ಕೆ ಹೋಗುತ್ತಿದೆ, ಆದ್ದರಿಂದ ಲಂಚವಲ್ಲ ಎಂಬ ಸಮಾಧಾನ ಸುಲಭವಾಗಿ ಸಿಗುತ್ತದೆ. ಆದರೆ ಮತಕ್ಕೆ ಪ್ರತಿಯಾಗಿ ತನಗೋ ಬೇರೆಯವರಿಗೋ ಲಾಭ ಪಡೆಯುವುದು ಲಂಚವೇ. ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮು ಕೊಟ್ಟವರನ್ನೂ ಪಡೆದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. 173ನೇ ಕಲಮಿನಲ್ಲಿ ಶಿಕ್ಷೆ ಒಂದು ವರ್ಷದವರೆಗೆ ಇದೆ. ಗೋಡೆ, ಕುರ್ಚಿ, ಸೌಂಡ್ ಸಿಸ್ಟಂ, ಪೇಂಟು, ಕ್ರಿಸ್ಮಸ್ ಊಟದ ಖರ್ಚು ಇವೆಲ್ಲ ಒಂದೇ. ವಿಮೋಚನಕಾಂಡ 23:8 ಲಂಚವು ಕಣ್ಣಿದ್ದವರನ್ನೂ ಕುರುಡು ಮಾಡುತ್ತದೆ ಎನ್ನುವಾಗ ವ್ಯಕ್ತಿಗೊಂದು, ಸಭೆಗೊಂದು ಎಂದು ಬೇರೆ ಮಾಡುವುದಿಲ್ಲ.

ಸರ್ಕಾರದ ಅನುದಾನ ಬೇರೆಯೇ ವಿಷಯ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಯೋಜನೆಯಲ್ಲಿ ಅರ್ಜಿ ಹಾಕಿ, ಆದೇಶ ಸಂಖ್ಯೆಯೊಂದಿಗೆ ಮಂಜೂರಾಗಿ ಸಂಸ್ಥೆಯ ಬ್ಯಾಂಕ್ ಖಾತೆಗೆ ಬಂದ ಹಣ ನಿಮ್ಮ ಹಕ್ಕಿನದು. ಅದಕ್ಕೆ ಯಾವ ಶಾಸಕರಿಗೂ ಮತದ ಋಣ ಇಲ್ಲ, ಶಾಲು ಹೊದಿಸುವ ಅಗತ್ಯವೂ ಇಲ್ಲ. ಸ್ಮಶಾನದ ಗೋಡೆಗೆ ಇಂಥ ದಾರಿಯಲ್ಲಿ ನಡೆಯಿರಿ, ಆರು ತಿಂಗಳು ತಡವಾದರೂ ಪರವಾಗಿಲ್ಲ.

ಈಗಾಗಲೇ ಯಾರಾದರೂ ಮುಂಗಡ ಪಡೆದುಬಿಟ್ಟಿದ್ದರೆ ಕಮಿಟಿ ಸೇರಿಸಿ, ಹಿಂದಿರುಗಿಸುವ ನಿರ್ಣಯ ಬರೆಯಿರಿ, ಬ್ಯಾಂಕ್ ಮೂಲಕವೇ ವಾಪಸು ಕಳಿಸಿ, ದಾಖಲೆ ಇಟ್ಟುಕೊಳ್ಳಿ. ನಗದಾಗಿ ಕೊಟ್ಟದ್ದನ್ನು ನಗದಾಗಿಯೇ ಗುಟ್ಟಾಗಿ ಹಿಂದಿರುಗಿಸಿದರೆ ನೀವು ಹಿಂದಿರುಗಿಸಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಮನೆಮನೆಗೆ ಹಂಚುವ ನೋಟಿನ ಬಗ್ಗೆಯೂ ಒಂದು ಪ್ರಶ್ನೆ ಯಾವಾಗಲೂ ಏಳುತ್ತದೆ: ‘ತಗೊಂಡು ನಮ್ಮಿಷ್ಟ ಬಂದವರಿಗೆ ಹಾಕಿದರೆ ಏನು ತಪ್ಪು?’ ತಪ್ಪು ಎರಡು. ಪಡೆಯುವುದೇ ಅಪರಾಧ. ಅದರ ಮೇಲೆ, ಕೊಡದ ಮಾತಿನ ಬೆಲೆಯನ್ನು ಪಡೆದ ಸುಳ್ಳೂ ಸೇರಿತು. ಹಂಚುವುದನ್ನು ಕಂಡರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ಅಥವಾ ವಿಡಿಯೊ ಹಾಕಬಹುದು, ಹೆಸರು ಹೇಳದೆಯೂ ದೂರು ಕೊಡಬಹುದು. 100 ನಿಮಿಷದೊಳಗೆ ಕ್ರಮ ಎಂಬುದು ಆಯೋಗದ ಗುರಿ.

ಹಿರಿಯರ ಮಾತಿಗೆ ಗೌರವದಿಂದ ಒಂದು ಉತ್ತರ

‘ನಾವಾದರೋ ಪರಲೋಕಸಂಸ್ಥಾನದವರು’ ಎಂಬ ಮಾತನ್ನು ಪೌಲನು ಫಿಲಿಪ್ಪಿಯವರಿಗೆ ಬರೆದದ್ದು (3:20). ಅದನ್ನು ಹಿಡಿದು ಮತದಾನದಿಂದ ದೂರ ಉಳಿದ ಬ್ರದರನ್ ಸಭೆಗಳವರು, ಕೆಲವು ಪೆಂತೆಕೊಸ್ತ ಹಿರಿಯರು ಸೋಮಾರಿಗಳಲ್ಲ. ಅವರದು ಪ್ರಾಮಾಣಿಕವಾದ ಹೆದರಿಕೆ. ಅಧಿಕಾರದ ರುಚಿ ಹತ್ತಿದ ಸಭೆ ಸುವಾರ್ತೆಯನ್ನು ಮರೆಯುತ್ತದೆ ಎಂಬುದು ಸಭೆಯ ಇತಿಹಾಸದಲ್ಲಿ ಮತ್ತೆ ಮತ್ತೆ ನಿಜವಾಗಿದೆ. ಆದರೆ ಅದೇ ಫಿಲಿಪ್ಪಿಯಲ್ಲಿ ಪೌಲನು ಏನು ಮಾಡಿದ ಎಂಬುದನ್ನು ಅಪೊಸ್ತಲರ ಕೃತ್ಯಗಳು 16ರಲ್ಲಿ ಓದಿ. ವಿಚಾರಣೆಯಿಲ್ಲದೆ ಹೊಡೆದು ಸೆರೆಗೆ ಹಾಕಿದ ಅಧಿಕಾರಿಗಳು ಮರುದಿನ ಸದ್ದಿಲ್ಲದೆ ಬಿಟ್ಟುಬಿಡಲು ನೋಡಿದಾಗ ಅವನು ಹೊರಡಲಿಲ್ಲ. ತಾವು ರೋಮಾಪುರದ ಹಕ್ಕುಳ್ಳವರು, ಅಧಿಕಾರಿಗಳೇ ಬಂದು ಕರೆದುಕೊಂಡು ಹೋಗಲಿ ಎಂದು ಕೂತ. ಮುಂದೆ ಕೈಸರನಿಗೇ ಮೇಲ್ಮನವಿ ಹಾಕಿದ (25:11). ಪರಲೋಕಕ್ಕೆ ಸೇರಿದವನಾದದ್ದರಿಂದ ಅವನು ಊರಿನ ಹಕ್ಕನ್ನು ಎಸೆಯಲಿಲ್ಲ, ಸುವಾರ್ತೆಗಾಗಿಯೂ ಬಡ ಸಭೆಯ ರಕ್ಷಣೆಗಾಗಿಯೂ ಅದನ್ನು ಬಳಸಿದ.

ರೋಮಾಪುರದವರಿಗೆ 13ನೇ ಅಧ್ಯಾಯವನ್ನು ‘ಸುಮ್ಮನೆ ಅಧೀನರಾಗಿರಿ’ ಎಂಬಷ್ಟಕ್ಕೇ ಓದುವುದುಂಟು. ಅಲ್ಲಿ ಅಧಿಕಾರಿಯನ್ನು ‘ನಿನ್ನ ಹಿತಕ್ಕಾಗಿ ಇರುವ ದೇವರ ಸೇವಕ’ ಎಂದು ಕರೆದಿದೆ. ಇದು ಅಳತೆಗೋಲೂ ಹೌದು. ಹಿತ ಮಾಡದವನು ಆ ಕೆಲಸಕ್ಕೆ ತಪ್ಪಿದ್ದಾನೆ ಎಂದು ಹೇಳಲು ಅದೇ ವಾಕ್ಯ ಅವಕಾಶ ಕೊಡುತ್ತದೆ. ಪೌಲನ ಕಾಲದ ವಿಶ್ವಾಸಿಗಳಿಗೆ ನೀರೋನನ್ನು ಆರಿಸುವ, ತೆಗೆಯುವ ಶಕ್ತಿ ಇರಲಿಲ್ಲ, ಹಾಗಾಗಿ ಅವರ ಪಾಲಿಗೆ ತೆರಿಗೆ, ಗೌರವ, ಪ್ರಾರ್ಥನೆ ಬಂತು. ನಮ್ಮ ಸಂವಿಧಾನ ‘ಭಾರತದ ಜನತೆಯಾದ ನಾವು’ ಎಂದು ಶುರುವಾಗುತ್ತದೆ. ಇಲ್ಲಿ ಅಧಿಕಾರ ಕೊಡುವವರಲ್ಲಿ ನೀವೂ ಒಬ್ಬರು, ಕೊಟ್ಟ ಅಧಿಕಾರದ ಲೆಕ್ಕವೂ ಸ್ವಲ್ಪ ನಿಮ್ಮ ಮೇಲಿದೆ. ಸೆರೆಗೆ ಒಯ್ಯಲ್ಪಟ್ಟ ಯೆಹೂದ್ಯರಿಗೇ ಬಾಬೆಲಿನ ಕ್ಷೇಮವನ್ನು ಹುಡುಕಿ, ಅದಕ್ಕಾಗಿ ಪ್ರಾರ್ಥಿಸಿ ಎಂದು ಯೆರೆಮೀಯನು ಬರೆದಿರುವಾಗ (29:7), ಸ್ವಂತ ಊರಿನ ಕ್ಷೇಮಕ್ಕೆ ಬೆನ್ನು ತಿರುಗಿಸುವುದು ಹೇಗೆ?

ರಾಜಕೀಯ ಹೊಲಸು ಎನ್ನುವವರಿಗೆ ನ್ಯಾಯಸ್ಥಾಪಕರು 9ರಲ್ಲಿ ಯೋತಾಮನು ಹೇಳಿದ ಸಾಮ್ಯ ಸಾಕು. ಮರಗಳೆಲ್ಲ ಅರಸನನ್ನು ಹುಡುಕಿ ಹೊರಟವು. ಎಣ್ಣೆಮರ, ಅಂಜೂರ, ದ್ರಾಕ್ಷೆ ಒಂದೊಂದೂ ತನ್ನ ಕೆಲಸದ ಹೆಸರು ಹೇಳಿ ಒಲ್ಲೆನೆಂದವು. ಕೊನೆಗೆ ಮುಳ್ಳಿನ ಪೊದೆ ಒಪ್ಪಿಕೊಂಡಿತು.

ಕಥೊಲಿಕ ಧರ್ಮಸಭೆಯ ಬೋಧನೆಯಂತೂ ಸ್ಪಷ್ಟ. ಅದರ ಧರ್ಮೋಪದೇಶ ಗ್ರಂಥದ 2240ನೇ ಪರಿಚ್ಛೇದ ತೆರಿಗೆ ಕೊಡುವುದು, ಮತ ಚಲಾಯಿಸುವುದು, ದೇಶವನ್ನು ರಕ್ಷಿಸುವುದು ಮೂರನ್ನೂ ನೈತಿಕ ಕರ್ತವ್ಯ ಎನ್ನುತ್ತದೆ. ಆದರೆ ಗುರುಗಳಿಗೆ ಬೇರೆ ಗೆರೆ. ಧರ್ಮಸಭೆಯ ಕಾನೂನಿನ 285ನೇ ನಿಯಮ ಅವರು ಆಡಳಿತಾಧಿಕಾರದ ಹುದ್ದೆ ಹಿಡಿಯುವುದನ್ನು ತಡೆಯುತ್ತದೆ, 287ನೇ ನಿಯಮ ಪಕ್ಷಗಳಲ್ಲಿ ಸಕ್ರಿಯರಾಗುವುದನ್ನು ತಡೆಯುತ್ತದೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ನಿಯಮ ಬೇರೆ ಬೇರೆ ಇರಬಹುದು. ಎಲ್ಲಿಯೇ ಆಗಲಿ, ಪಕ್ಷದ ಪದಾಧಿಕಾರಿಯಾದವರು ಅಥವಾ ಚುನಾವಣೆಗೆ ನಿಲ್ಲುವವರು ಸಭಾ ಕಮಿಟಿಯ ಸ್ಥಾನ ಬಿಟ್ಟುಕೊಡುವುದು ಒಳ್ಳೆಯದು. ರಾಜೀನಾಮೆ ಬರವಣಿಗೆಯಲ್ಲಿರಲಿ, ನಾಮಪತ್ರಕ್ಕಿಂತ ಮೊದಲೇ ಇರಲಿ.

ಮನಸ್ಸಾಕ್ಷಿ ನಿಜವಾಗಿಯೂ ಯಾರಿಗೂ ಒಪ್ಪದಿದ್ದರೆ 2013ರಿಂದ ನೋಟಾ ಗುಂಡಿ ಇದೆ. ಅದು ಫಲಿತಾಂಶವನ್ನು ಬದಲಿಸುವುದಿಲ್ಲ. ನೋಟಾಗೇ ಹೆಚ್ಚು ಬಂದರೂ ಅಭ್ಯರ್ಥಿಗಳಲ್ಲಿ ಮುಂದಿರುವವರು ಗೆಲ್ಲುತ್ತಾರೆ. ಇದನ್ನು ತಿಳಿದು ಒತ್ತಿ.

‘ನಮ್ಮವರು’ ನಿಂತಾಗ

2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು 11,42,647, ಅಂದರೆ ಶೇ 1.87. ಯುವಕರು ಕನಸುವ ‘ಒಟ್ಟಾಗಿ ಹಾಕಿದರೆ ಬೆಲೆ’ ಎಂಬ ಲೆಕ್ಕ ಇಲ್ಲಿಯೇ ಕುಸಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಡೀ ಸಭೆಯ ಮತವನ್ನು ಗಂಟು ಕಟ್ಟಿ ಒಬ್ಬರಿಗೆ ಕೊಟ್ಟರೆ, ಗೆದ್ದವರು ಆ ಗಂಟನ್ನು ಕೊಟ್ಟ ನಾಲ್ಕು ಜನರ ಮಾತು ಕೇಳುತ್ತಾರೆ, ಉಳಿದವರ ಮಾತನ್ನಲ್ಲ. ಸೋತರೆ ಎದುರಾಳಿಯ ಕಣ್ಣಿನಲ್ಲಿ ಇಡೀ ಸಭೆ ಶತ್ರು ಪಾಳೆಯ. ಈ ನಷ್ಟ ಐದು ವರ್ಷ ಕಾಡುತ್ತದೆ: ಸ್ಮಶಾನದ ಜಾಗ, ಶಾಲೆಯ ಅನುಮತಿ, ಗಲಾಟೆಯಾದ ದಿನ ಠಾಣೆಯಲ್ಲಿ ನಡೆಸಿಕೊಳ್ಳುವ ರೀತಿ, ಎಲ್ಲದರಲ್ಲೂ.

ಈ ದಾರಿ ಬೇಡವೆಂದು ನಮ್ಮ ಹಿಂದಿನವರು ಯೋಚಿಸಿಯೇ ನಿರ್ಧರಿಸಿದ್ದರು. ಸಂವಿಧಾನ ರಚನಾ ಸಭೆಯಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಮೀಸಲು ಕ್ಷೇತ್ರ ಇರಲಿ ಎಂಬ ಪ್ರಸ್ತಾಪ ಇದ್ದಾಗ, 1949ರ ಮೇ ತಿಂಗಳಲ್ಲಿ ಅದನ್ನು ಕೈಬಿಡಲು ಮುಂದೆ ನಿಂತವರಲ್ಲಿ ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಕ್ರೈಸ್ತ ಎಚ್.ಸಿ. ಮುಖರ್ಜಿ ಇದ್ದರು. ಮಂಗಳೂರು ಮೂಲದ ಜೆಸ್ವಿತ್ ಗುರು ಜೆರೋಮ್ ಡಿಸೋಜ ಅವರೂ ಆ ಸಭೆಯ ಸದಸ್ಯರಾಗಿದ್ದರು. ಬದಲಿಗೆ ದೊರೆತದ್ದು ಎಲ್ಲರಿಗೂ ಸಮಾನವಾದ ಮೂಲಭೂತ ಹಕ್ಕುಗಳು, ಅವುಗಳಲ್ಲಿ 25ನೇ ವಿಧಿಯ ಧರ್ಮಪ್ರಸಾರದ ಹಕ್ಕೂ ಒಂದು. ಶಾಸನಸಭೆಗಳಿಗೆ ಆಂಗ್ಲೋ-ಇಂಡಿಯನ್ನರನ್ನು ನಾಮನಿರ್ದೇಶನ ಮಾಡುವ ಪದ್ಧತಿಯೂ 104ನೇ ತಿದ್ದುಪಡಿಯಿಂದ 2020ರಲ್ಲಿ ಮುಗಿಯಿತು.

ಅದಾದ ಮೇಲೆ ಗೆದ್ದ ಕ್ರೈಸ್ತರನ್ನು ನೋಡಿ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಗೆದ್ದರು. ಆಸ್ಕರ್ ಫರ್ನಾಂಡಿಸ್ 1980ರಿಂದ ಸತತ ಐದು ಸಲ ಉಡುಪಿಯಿಂದ ಲೋಕಸಭೆಗೆ ಹೋದರು. ಮಾರ್ಗರೆಟ್ ಆಳ್ವ 1999ರಲ್ಲಿ ಉತ್ತರ ಕನ್ನಡದಿಂದ ಗೆದ್ದರು. ಮೂವರನ್ನೂ ಗೆಲ್ಲಿಸಿದ್ದು ಹೆಚ್ಚಾಗಿ ಕ್ರೈಸ್ತರಲ್ಲದ ಮತದಾರರು. ಅವರೆಲ್ಲ ‘ನಮ್ಮವರಿಗೇ’ ಎಂದು ಕೂತಿದ್ದರೆ ಈ ಮೂವರಲ್ಲಿ ಒಬ್ಬರೂ ಸಂಸತ್ತು ಕಾಣುತ್ತಿರಲಿಲ್ಲ. ನೆರೆಯವರಿಂದ ಪಡೆದ ಈ ನ್ಯಾಯವನ್ನು ನಾವು ನೆರೆಯವರಿಗೆ ಕೊಡದಿರುವುದು ಸರಿಯಲ್ಲ.

ಹಾಗಾಗಿ ಕ್ರೈಸ್ತ ಅಭ್ಯರ್ಥಿಯನ್ನು ಉಳಿದವರನ್ನು ತೂಗುವ ತಕ್ಕಡಿಯಲ್ಲೇ ತೂಗಿ. ಯೋಗ್ಯರಾದರೆ ಸಂತೋಷದಿಂದ ಹಾಕಿ. ಅಲ್ಲದಿದ್ದರೆ ದೀಕ್ಷಾಸ್ನಾನದ ದಾಖಲೆ ಅದನ್ನು ಸರಿಪಡಿಸದು. ಯೆಶಾಯ 45ರಲ್ಲಿ ದೇವರು ‘ಅಭಿಷಿಕ್ತ’ ಎಂದು ಕರೆದದ್ದು ತನ್ನನ್ನು ಅರಿಯದ ಪಾರಸಿಯ ಅರಸ ಕೋರೆಷನನ್ನು.

ಇಲ್ಲಿ ದಲಿತ ಕ್ರೈಸ್ತರ ಮಾತು ಬಿಡುವಂತಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾ ಪ್ರಕಾರ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಆ ಸ್ಥಾನಮಾನ. ಆದ್ದರಿಂದ ಕ್ರೈಸ್ತರಾದವರು ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರದಲ್ಲಿ ಮತ ಹಾಕಬಹುದು, ಅಲ್ಲಿ ಸ್ಪರ್ಧಿಸುವಂತಿಲ್ಲ. ಹಳೆಯ ಜಾತಿ ಪ್ರಮಾಣಪತ್ರ ಇದೆಯೆಂದು ಪಂಚಾಯಿತಿಯ ಮೀಸಲು ಸ್ಥಾನಕ್ಕೆ ನಿಂತು, ಗೆದ್ದ ಮೇಲೆ ಚರ್ಚಿನ ರಿಜಿಸ್ಟರನ್ನೇ ಸಾಕ್ಷಿಯಾಗಿ ತಂದು ಆಯ್ಕೆ ಪ್ರಶ್ನಿಸಿದರೆ ಆಯ್ಕೆಯೂ ಹೋದೀತು, ಮೊಕದ್ದಮೆಯೂ ಬಂದೀತು. ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ಷರತ್ತು ಇಲ್ಲ. ಈ ಭೇದ ಅನ್ಯಾಯ ಎಂಬುದು ಸಭೆಗಳ ಬಹುಕಾಲದ ಅಳಲು. 2022ರಲ್ಲಿ ಕೇಂದ್ರ ಸರ್ಕಾರ ಇದರ ಅಧ್ಯಯನಕ್ಕೆ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. ಲೋಕಸಭಾ ಅಭ್ಯರ್ಥಿಗಳ ನಿಲುವನ್ನು ಕೇಳಲೇಬೇಕಾದ ಪ್ರಶ್ನೆ ಇದು.

ಅಭ್ಯರ್ಥಿಯನ್ನು ತೂಗುವುದು ಹೇಗೆ

ಇತ್ರೋನನು ಮೋಶೆಗೆ ಹೇಳಿದ ನಾಲ್ಕು ಗುಣ ಇವತ್ತಿಗೂ ಸಾಲುತ್ತವೆ (ವಿಮೋಚನಕಾಂಡ 18:21): ಸಾಮರ್ಥ್ಯ, ದೇವಭಯ, ಸತ್ಯಪರತೆ, ಲಂಚದ ಮೇಲಿನ ಹೇಸಿಗೆ. ಇವನ್ನು ಭಾಷಣದಲ್ಲಿ ಹುಡುಕಬೇಡಿ, ನಮೂನೆ 26ರಲ್ಲಿ ಹುಡುಕಿ. ಅದು ನಾಮಪತ್ರದ ಜೊತೆ ಪ್ರತಿಯೊಬ್ಬರೂ ಕೊಡಬೇಕಾದ ಪ್ರಮಾಣಪತ್ರ. ಚುನಾವಣಾ ಆಯೋಗದ ಜಾಲತಾಣದಲ್ಲೂ ‘ನೋ ಯುವರ್ ಕ್ಯಾಂಡಿಡೇಟ್’ ಆ್ಯಪ್‌ನಲ್ಲೂ ಸಿಗುತ್ತದೆ. ಬಾಕಿ ಇರುವ ಕ್ರಿಮಿನಲ್ ಪ್ರಕರಣ, ಆದ ಶಿಕ್ಷೆ, ಅಭ್ಯರ್ಥಿ ಮತ್ತು ಸಂಗಾತಿ, ಅವಲಂಬಿತರ ಸ್ಥಿರ-ಚರ ಆಸ್ತಿ, ಸಾಲ, ಸರ್ಕಾರಕ್ಕೆ ಬಾಕಿ, ಐದು ವರ್ಷದ ಆದಾಯ, ವಿದ್ಯಾಭ್ಯಾಸ ಎಲ್ಲ ಅದರಲ್ಲಿರುತ್ತವೆ.

ಪ್ರಕರಣಗಳ ಸಂಖ್ಯೆಯನ್ನಷ್ಟೇ ಎಣಿಸಿ ತೀರ್ಮಾನಿಸಬೇಡಿ. ರಸ್ತೆ ತಡೆ, ನಿಷೇಧಾಜ್ಞೆ ಉಲ್ಲಂಘನೆ ಇಂಥವು ಹೋರಾಟಗಾರರ ಮೇಲೂ ಬೀಳುತ್ತವೆ. ಹಲ್ಲೆ, ವಂಚನೆ, ಸುಲಿಗೆ, ಮಹಿಳೆಯರ ಮೇಲಿನ ದೌರ್ಜನ್ಯ, ಧರ್ಮಗಳ ನಡುವೆ ದ್ವೇಷ ಹಚ್ಚಿದ ಆರೋಪ ಬೇರೆ ತೂಕದವು. ಪಕ್ಕದ ಅಂಕಣದಲ್ಲಿ ‘ದೋಷಾರೋಪ ನಿಗದಿಯಾಗಿದೆಯೇ’ ಎಂಬುದನ್ನು ನೋಡಿ. ಆಗಿದ್ದರೆ ನ್ಯಾಯಾಲಯ ಮೇಲುನೋಟಕ್ಕೆ ಹುರುಳಿದೆ ಎಂದುಕೊಂಡಿದೆ ಎಂದರ್ಥ. ಹಿಂದೆಯೂ ನಿಂತವರಾದರೆ ಆಗಿನ ಪ್ರಮಾಣಪತ್ರವನ್ನೂ ಇಳಿಸಿಕೊಂಡು ಪಕ್ಕದಲ್ಲಿಟ್ಟು ಓದಿ. ಆಸ್ತಿ ಎಷ್ಟು ಪಟ್ಟು ಬೆಳೆದಿದೆ, ತೋರಿಸಿದ ಆದಾಯಕ್ಕೆ ಅದು ಹೊಂದುತ್ತದೆಯೇ? ಅರ್ಧ ಗಂಟೆಯ ಈ ಕೆಲಸ ಹತ್ತು ಪ್ರಚಾರ ಸಭೆಗಳಿಗಿಂತ ಹೆಚ್ಚು ಹೇಳುತ್ತದೆ.

ನಿಲುವುಗಳ ವಿಷಯದಲ್ಲಿ ಎಲ್ಲಕ್ಕೂ ಸರಿಹೊಂದುವ ಅಭ್ಯರ್ಥಿ ಸಿಗುವುದು ಅಪರೂಪ. ಮತಾಂತರ ಕಾಯ್ದೆಯ ಬಗ್ಗೆ ನಮಗೆ ಒಪ್ಪುವವರು ಮದ್ಯದ ವಿಷಯದಲ್ಲಿ ಒಪ್ಪದಿರಬಹುದು, ಗರ್ಭಪಾತದ ಬಗ್ಗೆ ನಮ್ಮಂತೆಯೇ ಮಾತಾಡುವವರು ಬಡವರ ಭೂಮಿಯ ವಿಷಯದಲ್ಲಿ ಕಠೋರರಿರಬಹುದು. ಒಬ್ಬರಿಗೆ ಮತ ಹಾಕಿದರೆ ಅವರ ಎಲ್ಲ ನಿಲುವಿಗೂ ಸಹಿ ಹಾಕಿದಂತಲ್ಲ. ಆದರೆ ಕೆಟ್ಟ ನಿಲುವನ್ನು ಕಂಡೂ ಒಪ್ಪುವಷ್ಟು ತೂಕದ ಕಾರಣ ನಿಮ್ಮಲ್ಲಿರಬೇಕು. ಅನುಭವದಲ್ಲಿ ಹೆಚ್ಚಿನ ತಪ್ಪು ನಡೆಯುವುದು ನಮಗೆ ತಟ್ಟುವುದೊಂದನ್ನೇ ನೋಡಿದಾಗ. ಜ್ಞಾನೋಕ್ತಿ 31:8–9 ಬಾಯಿಲ್ಲದವರ ಪರ ಬಾಯಿ ತೆರೆ ಎನ್ನುತ್ತದೆ. ನಮ್ಮ ಚರ್ಚಿನ ಗೋಡೆಯ ಜೊತೆಗೆ ಪಕ್ಕದ ಕೇರಿಯ ಕುಡಿಯುವ ನೀರೂ ನಿಮ್ಮ ಪ್ರಶ್ನೆಪಟ್ಟಿಯಲ್ಲಿರಲಿ.

ಸಭೆ ಏನು ಮಾಡಬಹುದು

ಸುಮ್ಮನಿರಬೇಕೆಂದಲ್ಲ. ಮತ ಮಾರಬೇಡಿ, ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ ನೋಡಿ, ಆಮೋಸನೂ ಮೀಕನೂ ನ್ಯಾಯದ ಬಗ್ಗೆ ಹೇಳಿದ್ದನ್ನು ಮರೆಯಬೇಡಿ ಎಂದು ವೇದಿಕೆಯಿಂದ ಹೇಳಬಹುದು, ಹೇಳಲೇಬೇಕು. ಪಕ್ಷ, ಅಭ್ಯರ್ಥಿ, ಚಿಹ್ನೆ ಇವುಗಳ ಹೆಸರು ಬರಬಾರದು. ‘ಹೂವಿನವರು’, ‘ಕೈಯವರು’ ಎಂಬ ಸೂಚನೆಯೂ ಬೇಡ. ಪ್ರಾರ್ಥನೆಯಲ್ಲಿ ಎಲ್ಲ ಅಭ್ಯರ್ಥಿಗಳಿಗಾಗಿ, ಚುನಾವಣಾ ಸಿಬ್ಬಂದಿಗಾಗಿ, ಪೊಲೀಸರಿಗಾಗಿ, ಶಾಂತಿಗಾಗಿ ಬೇಡಿಕೊಳ್ಳಿ. 1 ತಿಮೊಥೆಯ 2:1–2 ಕೇಳುವುದು ಅದನ್ನೇ.

ಆ ಅಭ್ಯರ್ಥಿ ಆರಾಧನೆಗೆ ಬಂದರೆ ತಡೆಯಬೇಡಿ. ಪಕ್ಷದ ಶಾಲು ತೆಗೆದು ಎಲ್ಲರಂತೆ ಬೆಂಚಿನಲ್ಲಿ ಕೂರಲಿ. ಮುಂದಿನ ಸಾಲಿನ ಕುರ್ಚಿ, ಹಾರ, ಮೈಕಿನಲ್ಲಿ ಸ್ವಾಗತ, ಅಯ್ಯನವರು ತಲೆಯ ಮೇಲೆ ಕೈಯಿಟ್ಟ ಫೋಟೊ ಇವು ಬೇಡ. ಆ ಫೋಟೊ ಸಂಜೆಯೊಳಗೆ ಊರಿನ ಎಲ್ಲ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇರುತ್ತದೆ. ಸಭೆಯ ಸ್ವಂತ ವಾಟ್ಸ್ಆ್ಯಪ್ ಗುಂಪಿನಲ್ಲಿ ಮತದಾನ ಮುಗಿಯುವವರೆಗೆ ಅಡ್ಮಿನ್‌ಗಳಷ್ಟೇ ಬರೆಯುವಂತೆ ಮಾಡಿಡಿ. ಸಭೆಯ ಲೆಟರ್‌ಹೆಡ್ ಬೀಗದಲ್ಲಿರಲಿ.

ಯುವಕರಿಗೆ ಅಭ್ಯರ್ಥಿಗಳನ್ನು ಪ್ರಶ್ನಿಸುವ ಆಸೆ ಇದ್ದರೆ ಚರ್ಚಿನ ಹೊರಗೆ, ಸಾರ್ವಜನಿಕ ಸಭಾಂಗಣದಲ್ಲಿ, ನಾಗರಿಕರಾಗಿ, ಬೇರೆ ಧರ್ಮದ ನೆರೆಯವರನ್ನೂ ಸೇರಿಸಿಕೊಂಡು ಸಂವಾದ ಇಡಿ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ದಿನ ಬರವಣಿಗೆಯಲ್ಲಿ ಆಹ್ವಾನ, ಎಲ್ಲರಿಗೂ ಸಮಾನ ಸಮಯ, ಚುನಾವಣಾಧಿಕಾರಿಯಿಂದ ಮೊದಲೇ ಅನುಮತಿ ಇರಲಿ. ಮತದಾನ ಮುಗಿಯುವ ಸಮಯಕ್ಕೆ 48 ಗಂಟೆ ಇರುವಾಗಿನಿಂದ ಚುನಾವಣಾ ಸಭೆ ನಡೆಸುವಂತಿಲ್ಲ. ಚರ್ಚಿನ ಶಾಲೆಯ ಹಾಲ್ ಬೇಡ. ಅದೂ ಸಂಸ್ಥೆಯ ಆಸ್ತಿಯೇ. ಆ ಶಾಲೆಯನ್ನು ಅಧಿಕಾರಿಗಳು ಮತಗಟ್ಟೆಗೆ ಕೇಳಿದರೆ ಮಾತ್ರ ಕೊಡಬೇಕು, ಅದು ಪ್ರಚಾರವಲ್ಲ.

ಸಭೆ ಕೈಹಾಕಬೇಕಾದ ನಿಜವಾದ ಕೆಲಸ ಮತದಾರರ ಪಟ್ಟಿಯದು. ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಈ ನಾಲ್ಕು ದಿನಾಂಕಗಳಲ್ಲಿ ಯಾವುದಕ್ಕೆ 18 ತುಂಬಿದರೂ ಹೆಸರು ಸೇರಿಸಬಹುದು. 17 ಆದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಹೊಸದಕ್ಕೆ ನಮೂನೆ 6, ತೆಗೆಯಲು ಅಥವಾ ಆಕ್ಷೇಪಿಸಲು 7, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ 8. ನಮ್ಮವರ ಹೆಸರುಗಳಲ್ಲಿ ಒಂದು ವಿಶೇಷ ತೊಂದರೆ ಇದೆ: ಶಾಲೆಯ ಹೆಸರು ಒಂದು, ದೀಕ್ಷಾಸ್ನಾನದ ಹೆಸರು ಇನ್ನೊಂದು. ಡಿಸೋಜ, ಡಿಸೋಜಾ, ಡಿ’ಸೋಜ ಎಂದು ಮನೆಯ ಮೂವರಿಗೆ ಮೂರು ಬರಹ. ಹುಡುಕುವಾಗ ಎಲ್ಲ ಬಗೆಯಲ್ಲೂ ಹುಡುಕಿ, ಗುರುತಿನ ಚೀಟಿಯ ಸಂಖ್ಯೆಯಿಂದ ಹುಡುಕಿದರೆ ಇನ್ನೂ ಒಳ್ಳೆಯದು. ಬಾರದಿದ್ದರೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಳಿ ಹೋಗಿ, ಅಥವಾ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ. ವರ್ಗಾವಣೆಯಾಗುವ ಸಭಾಪಾಲಕರು, ಕಾನ್ವೆಂಟಿನ ಧರ್ಮಭಗಿನಿಯರು, ಸೆಮಿನರಿಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ವಾಸಿಸುವ ಊರಿಗೆ ನಮೂನೆ 8ರಲ್ಲಿ ಬದಲಿಸಿಕೊಳ್ಳಬೇಕು. ಎರಡು ಊರಿನ ಪಟ್ಟಿಯಲ್ಲಿ ಹೆಸರು ಇಟ್ಟುಕೊಳ್ಳುವಂತಿಲ್ಲ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಶಿಕ್ಷೆ ಇದೆ. ಕೊಲ್ಲಿ ದೇಶಗಳಲ್ಲಿರುವ ಭಾರತೀಯ ಪೌರರು ನಮೂನೆ 6ಎ ಮೂಲಕ ಸೇರಬಹುದು, ಆದರೆ ಮತ ಹಾಕಲು ಖುದ್ದಾಗಿ ಊರಿಗೆ ಬರಬೇಕು.

85 ದಾಟಿದವರು ಮತ್ತು ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ನಮೂನೆ 12ಡಿ ಕೊಟ್ಟರೆ ಮನೆಯಲ್ಲೇ ಮತ ಹಾಕಬಹುದು. ಅಧಿಸೂಚನೆ ಬಂದ ಐದು ದಿನದೊಳಗೆ ಅರ್ಜಿ ತಲುಪಬೇಕು. ಈ ಗಡುವು ತಪ್ಪುವುದೇ ಹೆಚ್ಚು, ಹಾಗಾಗಿ ನಿಮ್ಮ ಸಭೆಯ ವೃದ್ಧರ ಪಟ್ಟಿ ಮೊದಲೇ ಸಿದ್ಧವಿರಲಿ.

ಮತದಾನದ ದಿನ ಹಬ್ಬಕ್ಕೆ ತಾಗಿಕೊಂಡು ಬರುವುದೂ ಉಂಟು. 2019ರಲ್ಲಿ ರಾಜ್ಯದ 14 ಲೋಕಸಭಾ ಕ್ಷೇತ್ರಗಳ ಮತದಾನ ಏಪ್ರಿಲ್ 18ರಂದು, ಪವಿತ್ರ ಗುರುವಾರದ ದಿನವೇ ನಡೆಯಿತು. ಅಂಥ ದಿನ ಆರಾಧನೆಯ ವೇಳೆಯನ್ನು ಮತಗಟ್ಟೆಯ ವೇಳೆಗೆ ಹೊಂದಿಸಿ, ಒಂದು ವಾರ ಮೊದಲೇ ಪ್ರಕಟಿಸಿ. ಮುದುಕರನ್ನು ಕರೆದೊಯ್ಯಲು ಅಭ್ಯರ್ಥಿಯ ಗಾಡಿ ಬಳಸಬೇಡಿ. ಮತಗಟ್ಟೆಗೆ ಹೋದಾಗ ನಿಮ್ಮ ಹೆಸರಿನಲ್ಲಿ ಆಗಲೇ ಯಾರೋ ಮತ ಹಾಕಿದ್ದರೆ ಜಗಳವಾಡಿ ಮರಳಬೇಡಿ. ಗುರುತು ತೋರಿಸಿ ‘ಟೆಂಡರ್ ಮತ’ ಕೇಳಿ. ಮತಪತ್ರದಲ್ಲಿ ಕೊಡುತ್ತಾರೆ, ಬೇರೆಯಾಗಿ ಮುಚ್ಚಿಡುತ್ತಾರೆ.

ಫಲಿತಾಂಶ ಬಂದ ಮೇಲೆ ಗೆದ್ದವರನ್ನು ಕಂಡು ‘ನಮ್ಮ ಸಭೆಯ ಮತವೆಲ್ಲ ನಿಮಗೇ’ ಎಂದು ಹೇಳಿಕೊಳ್ಳುವುದು ಬೇಡ. ಮತ ಗುಪ್ತ, ಅದನ್ನು ಯಾರೂ ಯಾರ ಪರವಾಗಿಯೂ ಹೇಳಲಾರರು. ಗೆದ್ದವರು ಯಾರೇ ಆಗಲಿ, ಒಂದು ಪುಟದ ಮನವಿ ಒಯ್ಯಿರಿ: ಸ್ಮಶಾನದ ಸರ್ವೆ ನಂಬರು, ವಿಸ್ತೀರ್ಣ, ಗೋಡೆಯ ಉದ್ದ, ಯಾವ ಇಲಾಖೆಗೆ ಯಾವ ದಿನಾಂಕದಂದು ಅರ್ಜಿ ಹಾಕಿದ್ದೀರಿ, ಈಗ ಎಲ್ಲಿ ನಿಂತಿದೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮೂರು ತಿಂಗಳಲ್ಲಿ ಕಡತ ಕದಲದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅದರ ಸ್ಥಿತಿ ಕೇಳಿ, ಇಲಾಖೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರಿಸಬೇಕು.